ಹಲ್ಲಿಗೆ ಕಂದು, ಬೆನ್ನಿಗೆ ನೀಲಿ

ಹಲ್ಲು ಮುರಿಯುವ ಸದ್ದು ದೊಡ್ಡದೇನಲ್ಲ. ಹಿಮದಡಿಯ ಒಣಕಡ್ಡಿಯ ಮೇಲೆ ಕಾಲಿಟ್ಟ ಹಾಗೆ, ಟಿಕ್ ಎಂದು ಒಂದು ಚೂರು. ಅದು ಗೋಡೆ ದಾಟಿ ಬರುವಂಥದಲ್ಲ. ಜೆಫಾಳಿಗೆ ಕೇಳಿಸುತ್ತಿದ್ದದ್ದು ಅದರ ನಂತರದ್ದು: ಲಿಪೆಯ ಸುತ್ತಿಗೆ ನಿಲ್ಲುವುದು. ಪಕ್ಕದ ಕೋಣೆಯಲ್ಲಿ ಲಿಪೆ ಗರಗಸದ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸುತ್ತ ಹೋಗುತ್ತಿದ್ದ. ಟಕ್, ಟಕ್, ಟಕ್. ಹದಿನಾರು ವರ್ಷ ಆ ಸದ್ದಿನ ಪಕ್ಕದಲ್ಲೇ ಕೆಲಸ ಮಾಡಿದವಳಿಗೆ ಅದು ಕೇಳಿಸುವುದೇ ಬಿಟ್ಟುಹೋಗಿತ್ತು. ಈ ವಾರ ಮಾತ್ರ ಅದು ನಿಂತಾಗಲೆಲ್ಲ ಅವಳು ತಲೆಯೆತ್ತಿ ಗೋಡೆಯ ಕಡೆ ನೋಡುತ್ತಿದ್ದಳು.

ಬುಧವಾರ ಬೆಳಗಿನಿಂದ ಸುತ್ತಿಗೆ ನಾಲ್ಕು ಸಲ ನಿಂತಿತು. ಐದನೆಯ ಸಲ ನಿಂತದ್ದು ಮತ್ತೆ ಶುರುವಾಗಲಿಲ್ಲ. ಲಿಪೆಯೇ ಎದ್ದು ಬಂದ. ಕೈಯಲ್ಲಿ ಚಿಕೋರಿ ಪುಡಿಯ ಹಳೇ ತಗಡಿನ ಡಬ್ಬಿ. ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಹಾಲಿನ ಪಾತ್ರೆ ಇಡುವಷ್ಟು ಮೆಲ್ಲಗೆ ಇಟ್ಟ. ಮೂರು ದಿನದಲ್ಲಿ ಮುರಿದ ಹಲ್ಲುಗಳು ಅದರಲ್ಲಿದ್ದವು. ಲಿಪೆ ಬೈಯುವ ಜನ ಅಲ್ಲ. ಬೈದಿದ್ದರೆ ಅವಳೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು.

“ಎಲ್ಲಾ ನಿಮ್ಮ ಕಡೇವೇ ಜೆಫಕ್ಕ,” ಎಂದ. “ಆಂಜಾನ ಕಡೇದು ಒಂದೂ ಇಲ್ಲ. ನಾನೂ ಎರಡೆರಡು ಸಲ ನೋಡ್ದೆ.”

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಕಾಡಿನವರ ಗರಗಸ. ಒಂದೂವರೆ ಮೀಟರ್ ಉದ್ದದ ಅಲಗು, ಎರಡು ತುದಿಗೆ ಇಬ್ಬರು ನಿಂತು ಎಳೆಯುವಂಥದು. ಪೋಹೊರ್ಯೆ ಬೆಟ್ಟದ ಮರ ಕಡಿಯುವವರಿಗೆ ಫೆಬ್ರವರಿಯೊಳಗೆ ನೂರು ಗರಗಸ ಹೋಗಬೇಕಿತ್ತು. ಅಲಗು ಮೊದಲು ಒಲೆಯಲ್ಲಿ ಕೆಂಪಗೆ ಕಾಯುತ್ತದೆ, ಕಾದದ್ದು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯಿಂದ ಮೇಲೆ ಬಂದಾಗ ಅದು ಉಕ್ಕಲ್ಲ, ಗಾಜು. ಕೈಜಾರಿ ಬಿದ್ದರೆ ಎರಡು ತುಂಡು. ಈ ಗಾಜನ್ನು ಬಳುಕುವಂತೆ ಮಾಡುವುದು, ಎಂದರೆ ಹದ ಕೊಡುವುದು, ಜೆಫಾ ಮತ್ತು ಆಂಜಾ ಇಬ್ಬರ ಕೆಲಸ.

ಒಂದೇ ಅಲಗಿನಲ್ಲಿ ಎರಡು ಸ್ವಭಾವ ಇರಬೇಕು, ಅದೇ ಅದರಲ್ಲಿನ ಕಷ್ಟ. ಬೆನ್ನು ಮೆತ್ತಗಿರಬೇಕು, ಹೆಪ್ಪುಗಟ್ಟಿದ ಮರದಲ್ಲಿ ಸಿಕ್ಕಿಕೊಂಡು ಬಿಲ್ಲಿನಂತೆ ಬಗ್ಗಿದರೂ ಬಿಟ್ಟ ಕೂಡಲೇ ನೆಟ್ಟಗಾಗಬೇಕು. ಹಲ್ಲು ಗಟ್ಟಿಯಿರಬೇಕು, ಇಲ್ಲದಿದ್ದರೆ ಹತ್ತು ಮರಕ್ಕೇ ಮೊಂಡು. ಆದರೆ ತೀರಾ ಗಟ್ಟಿಯೂ ಅಲ್ಲ. ಲಿಪೆಯ ಸುತ್ತಿಗೆ ತಾಗಿದಾಗ ಒಂದು ಕೂದಲೆಳೆಯಷ್ಟು ಬಾಗಿಕೊಡುವ ವಿನಯ ಅದಕ್ಕಿರಬೇಕು. ಇದಕ್ಕಾಗಿ ಉದ್ದನೆಯ ಕಬ್ಬಿಣದ ಹಂಚಿನ ಮೇಲೆ ಅಲಗನ್ನು ಬೆನ್ನು ಕೆಳಗಾಗಿ, ಹಲ್ಲು ಮೇಲಾಗಿ ನಿಲ್ಲಿಸುತ್ತಾರೆ. ಹಂಚಿನಡಿ ಕಲ್ಲಿದ್ದಲು. ಬಿಸಿ ಬೆನ್ನಿನಿಂದ ಹಲ್ಲಿನ ಕಡೆ ಹತ್ತುತ್ತದೆ, ಬೆಳ್ಳಗೆ ತಿಕ್ಕಿದ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ಏರುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬೆನ್ನು ನೀಲಿಯಾಗಿ, ಹಲ್ಲಿನ ಸಾಲು ಕಂದಾದ ಗಳಿಗೆ ಬಿಸಿಯನ್ನು ತಡೆಯಬೇಕು. ಎಂಥ ಕಂದು? ಹಳೆಯ ಮೇಸ್ತ್ರಿ ಕೋಗೆಲ್ನಿಕ್ ಬದುಕಿದ್ದಾಗ ಹೇಳಿಕೊಟ್ಟದ್ದು, ಜನವರಿಯಲ್ಲೂ ಬೀಚ್ ಮರದಿಂದ ಉದುರದೆ ಉಳಿದ ಎಲೆಯ ಕಂದು. ಗಂಡಸರಲ್ಲಿ ಹೆಚ್ಚಿನವರನ್ನು ಯುದ್ಧಕ್ಕೆ ಎಳೆದುಕೊಂಡು ಹೋದ ವರ್ಷ ಆತ ಬೇರೆ ಗತಿಯಿಲ್ಲದೆ ಜೆಫಾಳನ್ನು ಹಂಚಿನ ಮುಂದೆ ನಿಲ್ಲಿಸಿದ್ದ. ಯುದ್ಧ ಮುಗಿದು ಹದಿಮೂರು ವರ್ಷವಾಯಿತು, ಗಂಡಸರಲ್ಲಿ ಕೆಲವರು ಬಂದರು, ಅವಳ ಜಾಗ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಣಿವೆಯಲ್ಲಿ ಆ ಕಂದನ್ನು ಅವಳಷ್ಟು ಖಚಿತವಾಗಿ ನೋಡಬಲ್ಲವರು ಇರಲಿಲ್ಲ.

ಹಂಚಿನ ಒಂದು ತುದಿಗೆ ಅವಳು, ಇನ್ನೊಂದಕ್ಕೆ ಆಂಜಾ. ಅಲಗಿನ ಅರ್ಧ ಅವಳದು, ಅರ್ಧ ಅವನದು. ಹಂಚಿಗೆ ಇಡುವ ಮುಂಚೆ ಇಬ್ಬರೂ ಮಧ್ಯದಿಂದ ತಮ್ಮ ತಮ್ಮ ತುದಿಯವರೆಗೆ ಹಲ್ಲಿನ ಬುಡದಗುಂಟ ಹೆಬ್ಬೆರಳು ಸವರುತ್ತಿದ್ದರು. ಎಣ್ಣೆಯ ಪಸೆ ಉಳಿದಿದೆಯೇ ಎಂದು ನೋಡಲು ಕೋಗೆಲ್ನಿಕ್ ಕಲಿಸಿದ ಕ್ರಮ ಅದು. ಈಗ ಕೂಸಿನ ಬೆನ್ನು ಸವರುವಷ್ಟು ಅಭ್ಯಾಸವಾಗಿ, ಯಾಕೆ ಸವರುತ್ತೇವೆ ಎಂಬುದೇ ಮರೆತಿತ್ತು. ಕಂದು ಬಂದ ಕೂಡಲೇ ತನ್ನ ಅರ್ಧದ ಹಲ್ಲಿಗೆ ಒದ್ದೆ ಉಣ್ಣೆಬಟ್ಟೆ ಒತ್ತಿ ಬಿಸಿಯನ್ನು ಅಲ್ಲೇ ನಿಲ್ಲಿಸಬೇಕು. ಇಬ್ಬರದೂ ಆದಮೇಲೆ ಒಟ್ಟಿಗೆ ಎತ್ತುವುದು. ಹದಿನಾರು ವರ್ಷದಿಂದ ಇಬ್ಬರ ಬಟ್ಟೆಯೂ ಹೆಚ್ಚುಕಡಿಮೆ ಒಂದೇ ಉಸಿರಿಗೆ ಸುಂಯ್ ಎನ್ನುತ್ತಿತ್ತು. ಈ ಸೋಮವಾರದಿಂದ ಅವಳದು ಮುಂಚೆ.

“ಏನೇ ನಿಂಗಿಷ್ಟು ಅವಸರ?” ಎಂದು ಆಂಜಾ ಮೊದಲ ದಿನವೇ ಕೇಳಿದ್ದ. “ನಾನಿನ್ನೂ ಪರಲೋಕದಲ್ಲಿರುವ ತಂದೆ ಅಂತಿದೀನಿ, ನೀನಾಗ್ಲೇ ಆಮೆನ್ ಅಂದ್ಬಿಟ್ಯಲ್ಲ.”

ಗೋಡೆಯ ಮೇಲೆ ಗಡಿಯಾರ ಇದ್ದರೂ ಅವರಿಬ್ಬರೂ ಸಮಯ ಎಣಿಸುತ್ತಿದ್ದದ್ದು ಪ್ರಾರ್ಥನೆಯಲ್ಲೇ, ದೇವರನ್ನು ಒಪ್ಪದ ಕಮ್ಯುನಿಸ್ಟ್ ಪಕ್ಷದವರಿಗೆ ಕೇಳಿಸದ ಹಾಗೆ, ತುಟಿಯೊಳಗೆ. ಹೊಸ ಕಲ್ಲಿದ್ದಲು ಜೋರಾಗಿದೆ, ನೀನೇ ತೂಕಡಿಸುತ್ತಿದ್ದೀಯ ಎಂದು ಅವಳು ತಿರುಗಿ ಹೇಳಿದ್ದಳು. ಹಾಗೆಂದು ನಂಬಿಯೂ ಇದ್ದಳು, ಲಿಪೆಯ ಡಬ್ಬಿ ಬರುವವರೆಗೆ.

ನಂಬಿದ್ದಳು ಎಂದರೂ ಪೂರ್ತಿ ಅಲ್ಲ. ಕಳೆದ ಅಕ್ಟೋಬರಿನಲ್ಲಿ ಅವಳು ಮನೆಯಲ್ಲಿ ಸೇಬು ಮಾರಲು ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿ ಪಟ್ಟಣದ ಕಣ್ಣಿನ ಡಾಕ್ಟರರನ್ನು ಕಂಡು ಬಂದಿದ್ದಳು. ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ ಎಂದು ಅವರು ಹೇಳಿದರು. ಇನ್ನೂ ಎಳೆಯದು, ಗಾಬರಿ ಬೇಡ, ಆದರೆ ಬೆಳೆಯುತ್ತದೆ. ಬಿಳಿಯದು ಹಳದಿಯಾಗಿ, ಹಳದಿಯದು ಕಂದಾಗಿ ಕಾಣಬಹುದು. ಹಳದಿಯದು ಕಂದಾಗಿ. ಆ ಡಾಕ್ಟರಿಗೆ ಇವಳ ಕೆಲಸ ಏನೆಂದು ಗೊತ್ತಿರಲಿಲ್ಲ, ಇವಳೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಬೀಚ್ ಮರಗಳನ್ನು ಒಂದೊಂದು ಕಣ್ಣು ಮುಚ್ಚಿ ನೋಡಿದ್ದಳು. ವ್ಯತ್ಯಾಸ ಇದೆಯೆಂದರೆ ಇತ್ತು, ಇಲ್ಲವೆಂದರೆ ಇರಲಿಲ್ಲ. ಅಂದಿನಿಂದ ಆ ವಿಷಯ ಯಾರಿಗೂ ಹೇಳದೆ, ಸೆರಗಿನ ಗಂಟಿನ ಹಾಗೆ ಜೊತೆಗೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಈಗ ಲೆಕ್ಕ ಸರಿಹೋಯಿತು. ಕಣ್ಣು ಹಳದಿಯನ್ನು ಕಂದು ಎಂದು ತೋರಿಸುತ್ತಿದೆ. ತಾನು ಬೇಗ ಬಟ್ಟೆ ಒತ್ತುತ್ತಿದ್ದೇನೆ. ಹಲ್ಲು ಗಾಜಾಗಿಯೇ ಉಳಿಯುತ್ತಿದೆ.

ಗುರುವಾರ ಆಂಜಾ ಒಂದು ಉಪಾಯ ತೆಗೆದ. ಮುಖದಲ್ಲಿ ನಗೆಯಿದ್ದರೂ ಅವನಿಗೂ ಕಸಿವಿಸಿಯಾಗಿತ್ತು. ಅವಳ ಕಡೆಯ ಹಂಚಿನಡಿ ಬೆಂಕಿ ಏರುಪೇರಾಗಿರಬಹುದು, ಜಾಗ ಬದಲಾಯಿಸಿ ನೋಡೋಣ ಎಂದ. ಬದಲಾಯಿಸಿದರು. ಅಲಗಿನ ಒಂದು ತುದಿಯಲ್ಲಿ ಕಾರ್ಖಾನೆಯ ಮುದ್ರೆ ಇರುವುದರಿಂದ ಯಾವ ಅರ್ಧ ಯಾರದು ಎಂಬುದು ತಪ್ಪುವ ಹಾಗಿರಲಿಲ್ಲ. ಹನ್ನೊಂದು ಗಂಟೆಗೆ ಲಿಪೆಯ ಸುತ್ತಿಗೆ ನಿಂತಿತು. ಮುರಿದದ್ದು ಅವಳು ಹೊಸದಾಗಿ ನಿಂತ ಕಡೆಯ ಹಲ್ಲು. ತಪ್ಪು ಹಂಚಿನದಲ್ಲ, ಅವಳು ಹೋದಲ್ಲಿಗೆ ಅದೂ ನಾಯಿಮರಿಯ ಹಾಗೆ ಹಿಂದೆಯೇ ಬಂದಿತ್ತು. ಇಬ್ಬರೂ ಮತ್ತೆ ತಮ್ಮ ಹಳೆಯ ಜಾಗಕ್ಕೆ ಮರಳಿದರು.

ಮಧ್ಯಾಹ್ನ ಮೇಸ್ತ್ರಿ ಓಜ್ಬೆ ಬಂದ. ಅವಳಿಗಿಂತ ಹತ್ತು ವರ್ಷ ಚಿಕ್ಕವ, ಅವಳ ಕೈಕೆಳಗೇ ಇಕ್ಕಳ ಹಿಡಿಯಲು ಕಲಿತವ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದನ್ನು ನೋಡಿಯೇ ಅವಳಿಗೆ ಅರ್ಥವಾಯಿತು. ಸೋಮವಾರದಿಂದ ಕಟ್ಟುವ ಕೋಣೆಯಲ್ಲಿ ಕೆಲಸ ಹಗುರ, ಅಲ್ಲಿ ಕುರ್ಚಿಯೂ ಇದೆ, ಒಲೆಯೂ ಹತ್ತಿರ, ಗರಗಸಕ್ಕೆ ಎಣ್ಣೆಕಾಗದ ಸುತ್ತುವುದಷ್ಟೇ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದ. ನಾಲ್ಕು ದಿನದ ನಲವತ್ತು ಅಲಗು ಮೂಲೆಯಲ್ಲಿ ನಿಂತಿವೆ, ಕಾಡಿನವರು ಮಾರ್ಚಿಗೆ ಕಾಯುವುದಿಲ್ಲ ಎಂದ. ಹಂಚಿಗೆ ಯಾರು ಎಂದು ಅವಳು ಕೇಳಲಿಲ್ಲ. ಆಗಲಿ ಎಂದಳು. ಕಣ್ಣಿನ ವಿಷಯ ನಾಲಗೆಯ ತುದಿಗೆ ಬಂದು ನಿಂತಿತು, ಆಡಲಿಲ್ಲ. ಹೇಳಿಬಿಟ್ಟರೆ ಅದು ನಿಜವೇ ಆಗಿಬಿಡುತ್ತದೆ ಎಂಬ ಹುಚ್ಚು ಹೆದರಿಕೆ.

ಮನೆಯಲ್ಲಿ ಸೊಸೆ ತಿಲ್ಕಾಳಿಗೆ ಏನೋ ಆಗಿದೆಯೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಅವರಿಬ್ಬರ ನಡುವೆ ಕೇಳಿ ತಿಳಿದುಕೊಳ್ಳುವಷ್ಟು ಸಲಿಗೆ ಇರಲಿಲ್ಲ. ಮೂರು ವರ್ಷದಿಂದ ಒಂದೇ ಒಲೆಯಲ್ಲಿ ಬೇಯಿಸಿದರೂ ಒಬ್ಬಳ ಉಪ್ಪು ಇನ್ನೊಬ್ಬಳಿಗೆ ಹೆಚ್ಚು. ಹೋದ ಭಾನುವಾರವಷ್ಟೇ ಸಣ್ಣದೊಂದು ಕದನವಿರಾಮ ಆಗಿತ್ತು. ಬೂದಿನೀರು, ಬಿಸಿ, ಚಳಿ ಸೇರಿ ಅತ್ತೆಯ ಬೆರಳು ಸೀಳಿ ರಕ್ತ ಬರುವುದನ್ನು ನೋಡಿ ತಿಲ್ಕಾ ತನ್ನ ತವರಿನ ಕ್ರಮದಲ್ಲಿ ಸ್ಪ್ರೂಸ್ ಮರದ ರಾಳವನ್ನು ಹಂದಿಯ ಕೊಬ್ಬಿನಲ್ಲಿ ಕರಗಿಸಿ ಸೋಸಿ ಮುಲಾಮು ಮಾಡಿ, ಪುಟ್ಟ ಡಬ್ಬಿಯಲ್ಲಿ ತುಂಬಿ ಮೇಜಿನ ಮೇಲೆ ಇಟ್ಟಿದ್ದಳು. ಕೈಗೆ ಕೊಡಲು ಸಂಕೋಚ, ಆದ್ದರಿಂದ ಇಟ್ಟು ಆಚೆ ಹೋಗಿದ್ದಳು. ಜೆಫಾ ಹಚ್ಚಿಕೊಂಡಳು. ಎರಡೇ ದಿನಕ್ಕೆ ಸೀಳು ಕೂಡಿತು. ಇಡೀ ಕಣಿವೆಯೇ ರಾಳದ ವಾಸನೆ ಹೊಡೆಯುವಾಗ ಇನ್ನೊಂದು ಜೊತೆ ಕೈಗೆ ಆ ವಾಸನೆ ಬಂದರೆ ಯಾರು ಗಮನಿಸುತ್ತಾರೆ. ಆ ವಾರ ಅವಳಿಗೆ ಒಳ್ಳೆಯದೆಂದು ಆದದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ತಿಂಡಿಯ ಗಂಟೆ ಹೊಡೆಯಿತು. ಇಬ್ಬರೂ ಹಂಚಿನ ಪಕ್ಕದ ಬೆಂಚಿನಲ್ಲಿ ಕೂತು ಬ್ರೆಡ್ಡು, ಹಂದಿಕೊಬ್ಬು, ಈರುಳ್ಳಿ ಬಿಚ್ಚಿದರು. ಆಂಜಾ ಈರುಳ್ಳಿ ಹೆಚ್ಚುವಾಗ ಚಾಕು ಹಿಡಿಯಲಾಗದೆ ಹಲ್ಲು ಕಚ್ಚಿದ. ಬಲಗೈ ಹೆಬ್ಬೆರಳು ಅಡ್ಡಡ್ಡ ಸೀಳಿ, ಬೇಸಗೆಯ ಕೆರೆಯ ಮಣ್ಣಿನಂತೆ ಬಾಯಿಬಿಟ್ಟಿತ್ತು. ಬೆಳಗಿನಿಂದ ಅದರಲ್ಲೇ ಇಕ್ಕಳ ಹಿಡಿದಿದ್ದ. ಜೆಫಾ ಜೇಬಿನಿಂದ ಡಬ್ಬಿ ತೆಗೆದು ಅವನ ಮುಂದಿಟ್ಟಳು.

“ಸೊಸೆ ಮಾಡಿದ್ದು. ಹಚ್ಕೋ.”

ಆಂಜಾ ಮುಚ್ಚಳ ತೆಗೆದು ಮೂಸಿದ. “ಸೊಸೆ ಮಾಡಿದ್ದಾ? ಮೊದ್ಲು ನಾಯಿಗೆ ಹಚ್ಚಿ ನೋಡಿದ್ಯೋ ಇಲ್ವೋ?”

“ನಾಯಿ ಬೇಡ ಅಂತು. ಅದಕ್ಕೇ ನಿಂಗೆ.”

ಅವನು ನಕ್ಕ. ಕಡುಬಿಗೆ ಬೆಣ್ಣೆ ಹಚ್ಚುವ ಉದಾರತೆಯಲ್ಲಿ ಹೆಬ್ಬೆರಳಿಗೆ ಮೆತ್ತಿಕೊಂಡು, ಉಳಿದದ್ದನ್ನು ಇನ್ನೊಂದು ಕೈಗೂ ಉಜ್ಜಿಕೊಂಡ. ಡಬ್ಬಿ ಹಿಂತಿರುಗಿಸಲು ಬಂದಾಗ ಇಟ್ಟುಕೋ ಎಂದಳು. ಕಾಗದ ಸುತ್ತುವ ಕೈಗೆ ಮುಲಾಮು ಯಾಕೆ ಎಂದು ಹೇಳಬೇಕೆಂದಿದ್ದಳು, ಹೇಳದೆ ಬ್ರೆಡ್ಡಿನ ಪೊಟ್ಟಣ ಮಡಚಿದಳು. ಆಂಜಾ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎಂದಿಗಿಂತ ಹೆಚ್ಚು ಸದ್ದು ಮಾಡುತ್ತ ಇದ್ದಲು ಕೆದಕಿದ.

ತಿಂಡಿಯ ಮೇಲೆ ಆರು ಅಲಗು ಆದವು. ವಿಚಿತ್ರವೆಂದರೆ ಇವತ್ತು ಇಬ್ಬರ ಬಟ್ಟೆಯೂ ಒಟ್ಟಿಗೇ ಸುಂಯ್ ಎಂದಿತು. ಅವಳಿಗೆ ಅದು ಸಮಾಧಾನವೇ ಆಯಿತು. ಕೊನೆಯ ದಿನವಾದರೂ ಹಳೆಯ ತಾಳಕ್ಕೆ ಬಂದೆವಲ್ಲ ಅಂದುಕೊಂಡಳು. ಪಾಪ, ಆಂಜಾ ಬೇಕೆಂದೇ ತನಗಾಗಿ ಬೇಗ ಒತ್ತುತ್ತಿದ್ದಾನೆ ಎಂದೂ ಅನ್ನಿಸಿತು.

ಹನ್ನೊಂದಕ್ಕೆ ಸುತ್ತಿಗೆ ನಿಂತಿತು. ಮತ್ತೆ ಶುರುವಾಯಿತು. ಎರಡು ಹೊಡೆತಕ್ಕೆ ಮತ್ತೆ ನಿಂತಿತು, ಹೀಗೇ ಐದು ಸಲ. ಲಿಪೆ ಬಾಗಿಲಲ್ಲಿ ಕಾಣಿಸಿಕೊಂಡ, ಹಿಂದೆಯೇ ಓಜ್ಬೆ. ಲಿಪೆಯ ಒಂದು ಅಂಗೈಯಲ್ಲಿ ಎರಡು ಹಲ್ಲು, ಇನ್ನೊಂದರಲ್ಲಿ ಮೂರು.

“ಇದು ಜೆಫಕ್ಕನ ಕಡೇದು,” ಎಂದ. ಆಮೇಲೆ ಮೂರಿದ್ದ ಕೈಯನ್ನು ಆಂಜಾನ ಕಡೆ ಚಾಚಿದ. “ಇದು ನಿಂದು.”

ಆಂಜಾ ಬಗ್ಗಿ ನೋಡಿದ. “ನಂದಾ? ಕಣ್ಣಿನ ಕಾಯಿಲೆ ಅಂಟುರೋಗ ಅಂತ ನಂಗ್ಯಾರೂ ಹೇಳ್ಲಿಲ್ಲ.”

ಜೆಫಾ ಕೂತಲ್ಲೇ ಸೆಟೆದಳು. ಕಣ್ಣಿನ ಕಾಯಿಲೆ ಎಂದು ಅವನು ಯಾಕೆ ಅಂದ? ತಮಾಷೆಗೋ, ಗೊತ್ತಿದ್ದೋ? ಆದರೆ ಆ ಪ್ರಶ್ನೆ ಅಲ್ಲೇ ಬಿದ್ದುಹೋಯಿತು, ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಎದ್ದಿತ್ತು. ಆಂಜಾನ ಕಣ್ಣಿಗೆ ಏನೂ ಆಗಿಲ್ಲ. ಅವನು ಹೊಳೆಯಾಚೆಯ ಇಳಿಜಾರಿನಲ್ಲಿ ನಿಂತ ಜಿಂಕೆಯ ಕೊಂಬು ಎಣಿಸುವವನು. ಬೆಳಿಗ್ಗೆ ಒಂಬತ್ತೂವರೆಯವರೆಗೆ ಅವನ ಅರ್ಧದಲ್ಲಿ ಒಂದು ಹಲ್ಲೂ ಮುರಿದಿರಲಿಲ್ಲ. ಅಲ್ಲಿಂದೀಚೆಗೆ ಅವನಿಗೆ ಆಗಿದ್ದೇನು?

ಅವಳು ಎದ್ದು ಆಗಷ್ಟೇ ಆರಿದ ಅಲಗನ್ನು ಕಿಟಕಿಯ ಹತ್ತಿರ ತಂದಳು. ಹೊರಗೆ ಹಿಮದ ಬೆಳಕು ಬೆಳ್ಳಗೆ, ನೆರಳಿಲ್ಲದೆ ಬೀಳುತ್ತಿತ್ತು. ತನ್ನ ಅರ್ಧ ನೋಡಿದಳು: ಹಲ್ಲಿನ ಸಾಲಿಗೆ ಅಚ್ಚುಕಟ್ಟಾದ ಕಂದು. ಆಂಜಾನ ಅರ್ಧ ನೋಡಿದಳು: ಅಲ್ಲೂ ಕಂದು, ಆದರೆ ಅಂಚು ವಕ್ರವಕ್ರ. ಅವನ ಹೆಬ್ಬೆರಳು ದಪ್ಪ, ಹಲ್ಲಿನ ಬುಡ ದಾಟಿ ಅಲಗಿನ ನಡುಭಾಗದ ಕಡೆಗೂ ಹರಿದಿತ್ತು. ತುದಿಗೆ ಬಂದಾಗ ಅವನು ಬೆರಳನ್ನು ಎತ್ತುವ ಮುಂಚೆ ಒಂದು ಗಳಿಗೆ ಒತ್ತಿರಬೇಕು. ಅಲ್ಲಿ, ನೀಲಿಯ ಮೇಲೆ, ಪೂರ್ತಿ ಒಂದು ಹೆಬ್ಬೆಟ್ಟು ಕಂದು ಬಣ್ಣದಲ್ಲಿ ಮೂಡಿತ್ತು. ಸುರುಳಿ ಸುರುಳಿ ಗೆರೆ, ನಡುವೆ ಅಡ್ಡಲಾಗಿ ಒಂದು ನೀಲಿ ಬಿರುಕು.

ನೀಲಿಯ ಮೇಲೆ ಕಂದು ಬರುವುದು ಸಾಧ್ಯವಿಲ್ಲ. ಬಣ್ಣ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇದು ಉಕ್ಕಿನ ಬಣ್ಣ ಅಲ್ಲ.

“ನಿನ್ನ ಕೈ ತೋರ್ಸು,” ಎಂದಳು.

ಆಂಜಾ ತೋರಿಸಿದ. ಹೆಬ್ಬೆರಳ ಅಡ್ಡಸೀಳು, ಅದರ ಸುತ್ತ ಹೊಳೆಯುವ ಮುಲಾಮು. ಅವಳು ಬೆರಳನ್ನೂ ಅಲಗನ್ನೂ ಒಂದರ ಪಕ್ಕ ಒಂದು ಹಿಡಿದಳು. ಓಜ್ಬೆ ಬಗ್ಗಿ ನೋಡಿದ, ಲಿಪೆ ಬಗ್ಗಿ ನೋಡಿದ. ಅರ್ಥವಾಗಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜೆಫಾ ಬೂದಿಯ ಬಕೆಟ್ಟಿಗೆ ಕೈಹಾಕಿ, ಒದ್ದೆ ಚಿಂದಿಯಲ್ಲಿ ಹಿಡಿ ಬೂದಿ ತೆಗೆದು, ತನ್ನ ಅರ್ಧದ ಹಲ್ಲಿನ ಸಾಲನ್ನು ತಿಕ್ಕಿದಳು. ಉಕ್ಕಿಗೆ ಹತ್ತಿದ ನಿಜವಾದ ಕಂದು ಹಾಗೆ ತಿಕ್ಕಿದರೆ ಹೋಗುವುದಿಲ್ಲ. ಇದು ಹೋಯಿತು. ತಳಹತ್ತಿದ ಹಾಲಿನ ಪಾತ್ರೆಯಿಂದ ಏಳುವ ಹಾಗೆ, ಮೊದಲು ಅಂಟಂಟಾಗಿ, ಆಮೇಲೆ ಪುಡಿಯಾಗಿ ಕಳಚಿಕೊಂಡಿತು. ಅದರಡಿಯಲ್ಲಿ ಇದ್ದದ್ದು ತೀರಾ ತೆಳುವಾದ ಹಳದಿ; ಆಗಷ್ಟೇ ಒಣಗತೊಡಗಿದ ಹುಲ್ಲಿನ ಮೊದಲ ಹಳದಿ. ಕಂದಿಗೆ ಇನ್ನೂ ಅರ್ಧ ಪ್ರಾರ್ಥನೆಯಷ್ಟು ದೂರವಿತ್ತು.

ಅವಳು ಅದನ್ನು ಬಲಗಣ್ಣಿನಲ್ಲಿ ನೋಡಿದಳು. ಎಡಗಣ್ಣಿನಲ್ಲಿ ನೋಡಿದಳು. ಎರಡರಲ್ಲೂ ಅದು ಹಳದಿಯೇ ಆಗಿತ್ತು. ಎಡಗಣ್ಣಿನಲ್ಲಿ ತುಸು ಮಸುಕು, ಆದರೆ ಹಳದಿಯೇ. ಬೆಂಚು ಹಿಂದೆಯೇ ಇತ್ತು, ಕೂತಳು. ನಾಲ್ಕು ದಿನದಿಂದ ಪಕ್ಕೆಲುಬಿನಡಿ ಬಿಗಿಹಿಡಿದಿದ್ದ ಉಸಿರು ತಾನಾಗಿ ಹೊರಗೆ ಬಂತು, ಅರ್ಧ ನಗೆ, ಅರ್ಧ ಬಿಕ್ಕು.

ಕೊಬ್ಬೂ ರಾಳವೂ ಬಿಸಿಗೆ ಸುಟ್ಟು ಉಕ್ಕಿಗಿಂತ ಮುಂಚೆಯೇ ಕಂದಾಗಿ ಕೂತಿದ್ದವು. ಪಸೆ ಇದೆಯೇ ಎಂದು ನೋಡುವ ಹೆಬ್ಬೆರಳೇ ಪ್ರತಿ ಅಲಗಿಗೂ ಪಸೆ ಬಳಿದಿತ್ತು, ಅದೂ ಸರಿಯಾಗಿ ಹಲ್ಲಿನ ಸಾಲಿಗೇ. ಕೋಗೆಲ್ನಿಕ್ ಇದ್ದಿದ್ದರೆ ಇಕ್ಕಳದಲ್ಲೇ ಬಡಿಯುತ್ತಿದ್ದ ಎಂದು ಆಂಜಾ ಹೇಳಿದ. ಇಬ್ಬರಿಗೂ ಸೇರಿಸಿ ಒಂದೇ ಏಟು, ಆತ ಮಿತವ್ಯಯಿ.

ಓಜ್ಬೆ ಟೋಪಿಯನ್ನು ತಲೆಗೆ ಹಾಕಿಕೊಂಡ. ಮೇಸ್ತ್ರಿ ಮತ್ತೆ ಮೇಸ್ತ್ರಿಯಾದ. ಇಬ್ಬರೂ ಬೂದಿಯಲ್ಲಿ ಕೈ ತೊಳೆಯಬೇಕು, ಹೊಸದಾಗಿ ತಿಕ್ಕಿದ ಒಂದು ಅಲಗು ತರಬೇಕು, ತಾನೂ ನೋಡುತ್ತೇನೆ ಎಂದ. ಪಾತ್ರೆ ತಿಕ್ಕುವ ಹಾಗೆ ಕೈ ತಿಕ್ಕಿಕೊಂಡರು, ಉಗುರಿನ ಸಂದಿಯವರೆಗೆ. ಆಂಜಾನ ಸೀಳಿಗೆ ಬೂದಿನೀರು ತಾಗಿ ಅವನು ತನಗೆ ಗೊತ್ತಿದ್ದ ಸಂತರ ಹೆಸರನ್ನೆಲ್ಲ ಹೇಳಿದ, ಎಲ್ಲವೂ ಭಕ್ತಿಯಿಂದಲ್ಲ. ಹೆಬ್ಬೆರಳು ಸವರಿದರು. ಅಲಗು ಹಂಚಿನ ಮೇಲೆ ನಿಂತಿತು.

ಬೆನ್ನು ನೀಲಿಯಾಯಿತು. ನಡುವಿನ ಪಟ್ಟಿಗಳು ಮೇಲೇರಿದವು. ಹಲ್ಲಿನ ಸಾಲು ಮಾತ್ರ ಬೆಳ್ಳಗೇ ಇತ್ತು. ಅವಳು ಪ್ರಾರ್ಥನೆಯ ಅರ್ಧಕ್ಕೆ ಬಂದಳು. ನಿನ್ನೆ ಇಲ್ಲಿಯೇ ಬಟ್ಟೆ ಒತ್ತಿದ್ದಳು. ಈಗ ಅಲ್ಲಿ ಹುಲ್ಲಿನ ಹಳದಿ ಕಾಲಿಡುತ್ತಿತ್ತಷ್ಟೆ. ಮುಂದಕ್ಕೆ ಹೋದಳು. ಹಳದಿ ಗಟ್ಟಿಯಾಯಿತು, ಜೇನಾಯಿತು, ಜೇನು ಕಪ್ಪಾಯಿತು. ಕಾಯುವುದು ಇಷ್ಟು ಸುಖವೆಂದು ಅವಳಿಗೆ ಮರೆತುಹೋಗಿತ್ತು. ಆಮೇಲೆ ಅದು ಬಂತು, ಹುಡುಕಬೇಕಾಗಲಿಲ್ಲ: ಜನವರಿಯ ಬೀಚ್ ಎಲೆ. ಅವಳ ಬಟ್ಟೆ ಸುಂಯ್ ಎಂದ ಗಳಿಗೆಯಲ್ಲೇ ಆಂಜಾನದೂ ಎಂದಿತು.

ಲಿಪೆ ಆ ಅಲಗನ್ನು ಮಗುವಿನಂತೆ ಎತ್ತಿಕೊಂಡು ಹೋದ. ಬಾಗಿಲು ತೆರೆದೇ ಇತ್ತು, ಆದರೂ ಯಾರೂ ಅವನ ಹಿಂದೆ ಹೋಗಲಿಲ್ಲ. ಇಲ್ಲೇ ನಿಂತು ಕೇಳಿದರು. ಟಕ್. ಟಕ್. ಟಕ್. ಆಂಜಾ ಬೆರಳು ಮಡಚಿ ಎಣಿಸುತ್ತಿದ್ದ. ಇಪ್ಪತ್ತಕ್ಕೆ ಓಜ್ಬೆ ಗಡ್ಡ ಕೆರೆದುಕೊಂಡ. ಮೂವತ್ತರ ಹತ್ತಿರ, ಅವಳ ಅರ್ಧ ಶುರುವಾಗುವಲ್ಲಿ, ಸುತ್ತಿಗೆ ನಿಂತಿತು. ಜೆಫಾ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಒಳಗಿಂದ ಲಿಪೆ ಸೀನಿದ್ದು ಕೇಳಿಸಿತು. ಟಕ್. ಟಕ್. ಟಕ್. ಅರವತ್ತಕ್ಕೆ ನಿಂತಾಗ ಅದು ಮುಗಿದದ್ದಕ್ಕೆ ನಿಂತಿತ್ತು. ಲಿಪೆ ಬಾಗಿಲಿಗೆ ಬಂದು ಖಾಲಿ ಅಂಗೈ ಎರಡನ್ನೂ ತೋರಿಸಿದ. ಜೀವ ಬಂದಂತಾಯಿತು.

ಮೂಲೆಯಲ್ಲಿದ್ದ ನಲವತ್ತನ್ನು ಏನು ಮಾಡುವುದೆಂದು ಓಜ್ಬೆ ಕೇಳುವ ಮುಂಚೆಯೇ ಅವಳಿಗೆ ಉತ್ತರ ಹೊಳೆದಿತ್ತು. ಹದ ಮೀರಿ ಮೆತ್ತಗಾಗಿದ್ದರೆ ಮತ್ತೆ ಒಲೆ, ಮತ್ತೆ ಎಣ್ಣೆ, ಎಲ್ಲ ಮೊದಲಿನಿಂದ. ಇವು ಹದಕ್ಕೆ ಮುಂಚೆ ನಿಂತವು. ಬೂದಿಯಲ್ಲಿ ತಿಕ್ಕಿ ಮತ್ತೆ ಹಂಚಿನ ಮೇಲಿಟ್ಟು ಬಿಟ್ಟ ಜಾಗದಿಂದ ಮುಂದಕ್ಕೆ ನಡೆಸಿದರೆ ಸಾಕು. ಹಲ್ಲು ಮುರಿದ ಹತ್ತನ್ನು ಬಿಟ್ಟು ಉಳಿದವೆಲ್ಲ ಬದುಕುತ್ತವೆ. ಶನಿವಾರವೇ ಶುರುಮಾಡಬಹುದು.

ಇಷ್ಟು ಹೇಳಿದವಳು ಇನ್ನೊಂದನ್ನೂ ಹೇಳಿಬಿಟ್ಟಳು. ಬಾಯಿ ತೆರೆದಿತ್ತು, ಮುಚ್ಚುವ ಮುಂಚೆ ಅದೂ ಬಂತು. ಅಕ್ಟೋಬರ್, ಬಸ್ಸು, ಡಾಕ್ಟರು, ಎಡಗಣ್ಣು, ಪೊರೆ. ಹೇಳುವಾಗ ನೆಲ ನೋಡುತ್ತಿದ್ದಳು. ಹಲ್ಲು ಮುರಿದದ್ದು ಕಣ್ಣಿನಿಂದ ಅಲ್ಲ ಎಂದ ಮಾತ್ರಕ್ಕೆ ಪೊರೆ ಇಲ್ಲವೆಂದು ಆಗಲಿಲ್ಲವಲ್ಲ.

ಓಜ್ಬೆ ಮೂಲೆಯ ಅಲಗುಗಳ ಕಡೆ ನೋಡಿದ. “ಜೆಫಕ್ಕ, ನಾಲ್ಕು ದಿನ ನಿಮ್ಮ ಕಣ್ಣು ಕಂದು ಅಂತು. ಅಲ್ಲಿ ಕಂದೇ ಇತ್ತು. ತಪ್ಪು ಹೇಳಿದ್ದು ಮುಲಾಮು, ಕಣ್ಣಲ್ಲ.” ಆಮೇಲೆ ಸ್ವರ ಬದಲಿಸಿ, “ಯಾವುದು ಅಂದ್ರಿ, ಎಡಗಣ್ಣಾ? ಹಾಗಾದ್ರೆ ಇವತ್ತಿಂದ ನೀವು ಆಂಜಾನ ಜಾಗಕ್ಕೆ ಬನ್ನಿ. ಅಲ್ಲಿ ಅಲಗು ಬಲಗಣ್ಣಿಗೆ ಬರುತ್ತೆ. ಹಿಮ ಕರಗಲಿ, ಪೊರೆ ತೆಗೆಸ್ಕೊಂಡು ಬನ್ನಿ. ನಿಮ್ಮ ಜಾಗ ಎಲ್ಲೂ ಓಡಿಹೋಗಲ್ಲ.”

“ಓಡಿಹೋಗ್ತಿರೋದು ನನ್ನ ಜಾಗ,” ಎಂದ ಆಂಜಾ. “ಹದಿನಾರು ವರ್ಷ ಕೂತು ಕಾಸಿದ ಬೆಂಚು. ಈ ಕಿಟಕಿ ಗಾಳಿಗೆ ನನ್ನನ್ನ ಕೂರಿಸ್ತೀರಿ. ಸೊಸೆ ಮುಲಾಮು ಸೊಂಟಕ್ಕೂ ಆಗುತ್ತಾ ಕೇಳ್ಕೊಂಡು ಬಾ.”

ಬಟ್ಟೆ ಬದಲಿಸಿ ಹೊರಡುವಾಗ ಅವಳು ಅವನನ್ನು ಕೇಳಿದಳು, ಅಂಟುರೋಗ ಅಂದೆಯಲ್ಲ, ನಿನಗೆ ಗೊತ್ತಿತ್ತಾ ಎಂದು. ಆಂಜಾ ಮಫ್ಲರ್ ಸುತ್ತಿಕೊಳ್ಳುತ್ತ, ಅಕ್ಟೋಬರಿನಲ್ಲಿ ಸೇಬು ಮಾರಲು ಹೋದವಳು ಬುಟ್ಟಿ ಇಲ್ಲದೆ ಬಸ್ಸು ಹತ್ತಿದ್ದನ್ನು, ಒಂದೊಂದೇ ಕಣ್ಣು ಮುಚ್ಚಿ ಮರ ನೋಡುತ್ತ ವಾಪಸು ಬಂದದ್ದನ್ನು ಕಣಿವೆಯೆಲ್ಲ ನೋಡಿದೆ ಎಂದ. ಅಷ್ಟು ಹೇಳಿ ಹೊಳೆದಂಡೆಯ ದಾರಿ ಹಿಡಿದು ಹೋದ.

ಎರಡು ಗಂಟೆಗೆ ಪಾಳಿ ಬಿಟ್ಟು ಮನೆಗೆ ಬರುವಷ್ಟರಲ್ಲಿ ಮೂರಾಗಿತ್ತು. ಪೇತ್ಸಾ ಬೆಟ್ಟದ ನೆತ್ತಿಯಲ್ಲಿ ಇನ್ನೂ ಬಿಸಿಲಿತ್ತು. ಹಿತ್ತಲಿನ ಬೀಚ್ ಮರದ ಕೆಳಗೆ ಒಂದು ಕ್ಷಣ ನಿಂತಳು, ಕಣ್ಣು ಮುಚ್ಚಿ ತೆರೆದು ಪರೀಕ್ಷೆ ಮಾಡಲಿಲ್ಲ, ಸುಮ್ಮನೆ ನೋಡಿ ಒಳಗೆ ಬಂದಳು. ತಿಲ್ಕಾ ಹುಳಿ ಎಲೆಕೋಸಿನ ಸಾರು ಬಡಿಸಿದಳು. ಅತ್ತೆಯ ಕೈ ನೋಡಿದಳು; ಬೂದಿ ತಿಕ್ಕಿ ಬಿಳಿಚಿ, ಗೆಣ್ಣುಗಳು ಮತ್ತೆ ಬಿರುಕು ಬಿಟ್ಟಿದ್ದವು.

“ಮುಲಾಮು ಹಿಡಿಸ್ಲಿಲ್ವಾ ಅತ್ತೆ?” ಎಂದಳು, ಏಟು ಬೀಳುವ ಮುಂಚೆ ತಲೆ ತಗ್ಗಿಸುವವರ ಹಾಗೆ.

ಜೆಫಾ ಚಮಚ ಕೆಳಗಿಟ್ಟಳು. ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಇವತ್ತು ಗುಟ್ಟು ಇಟ್ಟುಕೊಳ್ಳುವ ಜಾಗ ಅವಳೊಳಗೆ ಖಾಲಿಯಾಗಿತ್ತು. ಎಲ್ಲ ಹೇಳಿದಳು: ಡಬ್ಬಿ, ಹಲ್ಲು, ಆಂಜಾನ ಹೆಬ್ಬೆಟ್ಟು, ಕಣ್ಣು. ತಿಲ್ಕಾಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ನಾನ್ಯಾಕಾದ್ರೂ ಮಾಡ್ದೆನೋ ಎಂದು ಅವಳು ಶುರುಮಾಡುವಷ್ಟರಲ್ಲಿ ಜೆಫಾಳಿಗೆ ನೀಲಿಯ ಮೇಲೆ ಕೂತಿದ್ದ ಆ ದಪ್ಪ ಹೆಬ್ಬೆಟ್ಟು ನೆನಪಾಗಿ ನಗು ಬಂತು. ತಡೆಯಲು ಹೋದಳು, ಸಾರು ಮೂಗಿಗೆ ಹತ್ತಿತು. ಆ ಅಡುಗೆಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ತಿಲ್ಕಾ ಮೂರು ವರ್ಷದಲ್ಲಿ ನೋಡಿರಲಿಲ್ಲ. ನೋಡುತ್ತ ನೋಡುತ್ತ ಅವಳ ಬಾಯಿಯೂ ಅಂಚಿನಿಂದ ಸಡಿಲಾಯಿತು.

“ಇನ್ನೊಂದು ಡಬ್ಬಿ ಮಾಡು,” ಎಂದಳು ಜೆಫಾ, ಕಣ್ಣೊರೆಸಿಕೊಂಡು. “ಶನಿವಾರ ಪಾಳಿ ಮುಗಿದ ಮೇಲೆ ಹಚ್ಕೋತೀನಿ. ಸೋಮವಾರ ಬೆಳಿಗ್ಗೆ ಬೂದಿ ಹಾಕಿ ತೊಳ್ಕೊಂಡು ಹೋಗ್ತೀನಿ. ಒಂದು ದೊಡ್ಡ ಡಬ್ಬಿ ಆಂಜಾಗೂ. ಅವನಿಗೆ ಸೊಂಟಕ್ಕಂತೆ.”

ತಿಲ್ಕಾ ಎದ್ದು ರಾಳದ ಪೊಟ್ಟಣ ಹುಡುಕತೊಡಗಿದಳು. ಜೆಫಾ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಾರಿಗೆ ಉಪ್ಪು ಇವತ್ತೂ ಒಂದು ಕಲ್ಲು ಹೆಚ್ಚೇ ಇತ್ತು. ಇನ್ನೊಂದು ಸೌಟು ಹಾಕಿಸಿಕೊಂಡಳು.